ಬೆಳಗಾವಿ ಸೀಮೆಯ ಇಂಗ್ಲಿಷ್ ಕಲಿಕೆ: ವಿದ್ಯಾರ್ಥಿಯ ಪ್ರಶ್ನೆಯ ಚರಿತ್ರೆ

೧

ನಮ್ಮ ನಾಡಿನ ಇಂಗ್ಲಿಷ್ ಶಿಕ್ಷಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಸರಕಾರದ ಕಡತಗಳನ್ನೇ ಆಧಾರವಾಗಿಟ್ಟುಕೊಂಡಿದ್ದಾರೆ. ೧೮೩೫ರ ಮೆಕಾಲೆಯ ಟಿಪ್ಪಣಿ, ೧೮೫೪ರ ವುಡ್ಡನ ಆಜ್ಞಾಪತ್ರ, ೧೮೮೨ರ ಹಂಟರ್ ಆಯೋಗ ಎಂಬ ಮೈಲಿಗಲ್ಲುಗಳ ನಡುವೆ ಆ ಕಥೆ ಸಾಗುತ್ತದೆ. ಶಾಲೆಯಲ್ಲಿ ಕುಳಿತು ಆ ಭಾಷೆಯನ್ನು ಕಲಿತ ಹುಡುಗನು ಗುರುವನ್ನು ಏನೆಂದು ಕೇಳಿದನು, ಅವನಿಗೆ ಯಾವ ಉತ್ತರ ದೊರೆಯಿತು ಎಂಬುದು ಈ ಚರಿತ್ರೆಯಲ್ಲಿ ಬರುವುದಿಲ್ಲ. ಉತ್ತರಗಳು ಪುಸ್ತಕವಾಗಿ ಅಚ್ಚಾಗುತ್ತವೆ. ಪ್ರಶ್ನೆಗಳು ಗಾಳಿಯಲ್ಲಿ ಕರಗಿಹೋಗುತ್ತವೆ. ಆದರೂ ಆ ಪ್ರಶ್ನೆಗಳನ್ನು ಅರಿಯಲು ಎರಡು ದಾರಿಗಳುಂಟು. ಮೊದಲನೆಯದು, ಕಾಲಕಾಲಕ್ಕೆ ಬಳಕೆಗೆ ಬಂದ ವ್ಯಾಕರಣಗಳು, ಕೋಶಗಳು ಮತ್ತು ಪರೀಕ್ಷಾಕ್ರಮಗಳು. ಎರಡನೆಯದು, ಕಲಿಯುವವನ ಮನೆಮಾತಿನ ರಚನೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ, ಬೆಳಗಾವಿ ಸೀಮೆಯಲ್ಲಿ ಇಂಗ್ಲಿಷ್ ಕಲಿತವರ ಪ್ರಶ್ನೆಗಳ ಸ್ವರೂಪವನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ನಮ್ಮ ಕಡೆಯ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: 'ನೀನು ನಿನ್ನ ತಂದೆಗೆ ಎಷ್ಟನೆಯ ಮಗ?' ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು? ಕನ್ನಡದಲ್ಲಿ 'ಎಷ್ಟನೆಯ' ಎಂಬ ಮಾತುಂಟು; ಮರಾಠಿಯಲ್ಲಿ 'ಕಿತವಾ' ಎಂಬ ಮಾತುಂಟು. ಇಂಗ್ಲಿಷಿನಲ್ಲಿ ಇವುಗಳಿಗೆ ಸಮನಾದ, ರೂಢಿಯಲ್ಲಿರುವ ಒಂದೇ ಪದವಿಲ್ಲ, ಸುತ್ತುಬಳಸಿ ಹೇಳಬೇಕಾಗುತ್ತದೆ. ಈ ಪ್ರಶ್ನೆಯನ್ನು ಕೇಳಿದ ಹುಡುಗನು ತನಗೆ ಇಂಗ್ಲಿಷ್ ಬಾರದೆಂದು ನಾಚಿಕೊಳ್ಳುತ್ತಾನೆ. ವಸ್ತುತಃ ಅವನು ಇಂಗ್ಲಿಷಿನಲ್ಲಿರುವ ಒಂದು ತೆರಪನ್ನು ಕಂಡುಹಿಡಿದಿದ್ದಾನೆ. ಕಲಿಯುವವನ ಪ್ರಶ್ನೆಯನ್ನು ಅಜ್ಞಾನದ ಗುರುತೆಂದು ತಿಳಿಯುವುದಕ್ಕೂ, ಎರಡು ಭಾಷೆಗಳು ಸಂಧಿಸುವ ಗಡಿಯ ಕಲ್ಲೆಂದು ತಿಳಿಯುವುದಕ್ಕೂ ಇರುವ ಅಂತರವೇ ಈ ಲೇಖನದ ತಿರುಳು.

೨

೧೮೧೮ರಲ್ಲಿ ಪೇಶವಾಯಿಯು ಅಳಿದು, ಥಾಮಸ್ ಮನ್ರೋ ಅವರ ಸೇನೆಗೆ ಬೆಳಗಾವಿಯ ಕೋಟೆಯು ವಶವಾಯಿತು. ಮುಂದೆ ಈ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿತು. ೧೮೩೬ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿಯು ಪ್ರತ್ಯೇಕ ಜಿಲ್ಲೆಯಾಯಿತು. ಆಗಿನ ಭಾಷಾಸ್ಥಿತಿಯನ್ನು ನೆನಪಿನಲ್ಲಿಡುವುದು ಅವಶ್ಯ. ಜಿಲ್ಲೆಯ ಬಹುಭಾಗದ ಜನರ ಮಾತು ಕನ್ನಡ. ಪಶ್ಚಿಮದ ಕಡೆಗೆ, ಅದರಲ್ಲೂ ಖಾನಾಪುರದ ಭಾಗದಲ್ಲಿ, ಮರಾಠಿಯ ಬಳಕೆ ಹೆಚ್ಚು. ಆದರೆ ಪೇಶವೆಯರ ಕಾಲದಿಂದ ಬಂದ ಲೆಕ್ಕಪತ್ರಗಳ ಭಾಷೆ ಮರಾಠಿ; ಹೊಸ ಸರಕಾರವೂ ಈ ಭಾಗವನ್ನು 'ದಕ್ಷಿಣ ಮರಾಠಾ ಸೀಮೆ' ಎಂದೇ ಕರೆಯಿತು. ಧಾರವಾಡದ ಕಡೆಯಲ್ಲಿ ವಾಲ್ಟರ್ ಎಲಿಯಟ್ ಮೊದಲಾದ ಅಧಿಕಾರಿಗಳ ಆಸಕ್ತಿಯಿಂದ ೧೮೩೦ರ ದಶಕದಲ್ಲಿ ಕನ್ನಡ ಶಾಲೆಗಳು ತಲೆಯೆತ್ತುವವರೆಗೂ, ಸರಕಾರಿ ಓದುಬರೆಹವೆಂದರೆ ಮರಾಠಿಯ ಓದುಬರೆಹವೆಂದೇ ಅರ್ಥವಾಗಿತ್ತು.

ಇಂಥ ಸನ್ನಿವೇಶದಲ್ಲಿ ಇಂಗ್ಲಿಷು ಬೆಳಗಾವಿಗೆ ಎರಡು ಬಾಗಿಲುಗಳಿಂದ ಪ್ರವೇಶಿಸಿತು. ಒಂದು ದಂಡಿನ ಬಾಗಿಲು; ಮತ್ತೊಂದು ಮಿಶನ್ನಿನ ಬಾಗಿಲು. ಲಂಡನ್ ಮಿಶನರಿ ಸೊಸೈಟಿಯು ೧೮೨೦ರಲ್ಲಿ ಬೆಳಗಾವಿಯಲ್ಲಿ ನೆಲೆಯೂರಿತು. ಆ ಮಿಶನ್ನಿನ ಬೆನಾನ್ ಮತ್ತು ಸ್ಮಿಥ್ ಎಂಬ ಇಬ್ಬರು ಪಾದ್ರಿಗಳ ಹೆಸರನ್ನು ಹೊತ್ತ ಪ್ರೌಢಶಾಲೆಯು ನಗರದ ಹಳೆಯ ಇಂಗ್ಲಿಷ್ ಶಾಲೆಗಳಲ್ಲಿ ಒಂದು. ದಕ್ಷಿಣ ಮರಾಠಾ ಸೀಮೆಯ ಸರದಾರರ ನೆರವನ್ನು ನೆನಪಿಸುವ ಸರದಾರ್ಸ್ ಹೈಸ್ಕೂಲು ಇನ್ನೊಂದು. ಈ ಶಾಲೆಗಳಿಗೆ ಬಂದ ಕನ್ನಡದ ಹುಡುಗನು ಬಹುಶಃ ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುತ್ತ, ಮೂರನೆಯದಾಗಿ ಇಂಗ್ಲಿಷನ್ನು ಕಲಿಯಬೇಕಾಗಿತ್ತು. ಅವನ ಪ್ರಶ್ನೆಗೆ ಎರಡು ಪದರಗಳಿರುವುದು ಸಹಜವೇ ಆಗಿದೆ.

ಅವನ ಕೈಗೆ ದೊರೆತ ವ್ಯಾಕರಣವಾದರೂ ಯಾವುದು? ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷ್ ಆಡಳಿತದ ನಾಡುಗಳಲ್ಲೆಲ್ಲ ಪ್ರಮಾಣವೆನಿಸಿದ್ದುದು ಲಿಂಡ್ಲೆ ಮರ್‍ರೆ ೧೭೯೫ರಲ್ಲಿ ಪ್ರಕಟಿಸಿದ ವ್ಯಾಕರಣ. ಅದು ಇಂಗ್ಲೆಂಡಿನ ಯಾರ್ಕ್ ನಗರದ ಬಾಲಿಕೆಯರ ಶಾಲೆಯೊಂದಕ್ಕಾಗಿ ಬರೆದ ಪುಸ್ತಕ. ಇಂಗ್ಲಿಷನ್ನು ತಾಯಿಯ ಎದೆಹಾಲಿನೊಡನೆ ಕಲಿತ ಮಕ್ಕಳಿಗೆ ಅವರ ಮಾತನ್ನೇ ತಿದ್ದಿ ಹೇಳುವುದು ಅದರ ಗುರಿ. 'ದಿ' ಎಂಬ ಉಪಪದವನ್ನು ಎಲ್ಲಿ ಹಚ್ಚಬೇಕೆಂದು ಆ ಬಾಲಿಕೆಯರು ಕೇಳುವ ಪ್ರಸಂಗವೇ ಇರಲಿಲ್ಲ. ಹೀಗೆ ಒಬ್ಬರ ಪ್ರಶ್ನೆಗೆ ಸಿದ್ಧವಾದ ಉತ್ತರವನ್ನು ಮತ್ತೊಬ್ಬರ ಪ್ರಶ್ನೆಗೆ ಕೊಡುವ ಪರಿಪಾಠವು ಮೊದಲಿನಿಂದಲೇ ಬೇರೂರಿತು.

೩

೧೮೫೭ರ ಜುಲೈ ತಿಂಗಳಿನಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ೧೮೫೯ರಲ್ಲಿ ಅದರ ಮೊದಲನೆಯ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆ ನಡೆಯಿತು. ಇದರಿಂದ ಇಂಗ್ಲಿಷಿನ ಸ್ಥಾನವೇ ಬದಲಾಯಿತು. ಅದುವರೆಗೆ ಸಾಹೇಬರೊಡನೆ ವ್ಯವಹರಿಸಲು ಬೇಕಾಗಿದ್ದ ಭಾಷೆಯು ಈಗ ನೌಕರಿಯ ಹೆಬ್ಬಾಗಿಲಿಗೆ ಹಾಕಿದ ಬೀಗವಾಯಿತು. ಬೆಳಗಾವಿಯ ಅಥವಾ ಅಥಣಿಯ ಹುಡುಗನೊಬ್ಬನು ಗಣಿತದಲ್ಲಿ ಎಷ್ಟೇ ಜಾಣನಾಗಿದ್ದರೂ ಇಂಗ್ಲಿಷಿನಲ್ಲಿ ಉತ್ತೀರ್ಣನಾಗದೆ ಮುಂದಕ್ಕೆ ಹೋಗುವಂತಿರಲಿಲ್ಲ. ಒಂದು ಉಪಪದ, ಒಂದು ಕಾಲರೂಪ ತಪ್ಪಿದರೆ ಅಂಕ ಹೋಗುತ್ತಿತ್ತು. ಅಂಕದೊಡನೆ ಒಂದು ಕುಟುಂಬದ ಭವಿಷ್ಯವೂ ತೂಗಾಡುತ್ತಿತ್ತು.

ಶಾಲೆಗಳಿಗೆ ಕೊಡುವ ಸಹಾಯಧನವನ್ನು ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ ಕಟ್ಟಿಹಾಕುವ ಪದ್ಧತಿಯನ್ನು ಮುಂಬಯಿ ಪ್ರಾಂತವು ೧೮೬೦ರ ದಶಕದಲ್ಲಿ ಕೈಕೊಂಡಿತು. ತನಿಖೆಯ ದಿನ ಹುಡುಗನು ತಪ್ಪದೆ ಉತ್ತರ ಹೇಳಬೇಕಾಗಿತ್ತು. ಅವನು ಪ್ರಶ್ನೆ ಕೇಳುವ ಸಂದರ್ಭವೇ ಇರಲಿಲ್ಲ. ಪ್ರಾಂತದ ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ಹಾವರ್ಡ್ ಅವರ ಹೆಸರಿನ ಇಂಗ್ಲಿಷ್ ವಾಚನಮಾಲೆ ಈ ಕಾಲದ ಶಾಲೆಗಳಲ್ಲಿ ಹಬ್ಬಿತು. ಮರಾಠಿ ಬಲ್ಲವರಲ್ಲಿ ತರ್ಖಡ್ಕರರ ಭಾಷಾಂತರ ಪಾಠಮಾಲೆಯು ಮನೆಮಾತಾಯಿತು. ಕನ್ನಡಿಗರಿಗೆ ಬಾಸೆಲ್ ಮಿಶನ್ನಿನ ಝೀಗ್ಲರ್ ಪಾದ್ರಿಗಳು ಸಿದ್ಧಪಡಿಸಿದ ಇಂಗ್ಲಿಷ್-ಕನ್ನಡ ಶಾಲಾಕೋಶವು ನೆರವಾಯಿತು. ಭಾಷಾಂತರ ಪಾಠಮಾಲೆಯ ಕ್ರಮವನ್ನು ಇಂದಿನವರು ಹಳತೆಂದು ತಳ್ಳಿಹಾಕುವುದುಂಟು. ಆದರೆ ಅದರಲ್ಲಿ ಒಂದು ಗುಣವಿತ್ತು: ಮನೆಮಾತಿನ ವಾಕ್ಯವನ್ನು ಎದುರಿಗಿಟ್ಟುಕೊಂಡು ಅದು ಆರಂಭವಾಗುತ್ತಿತ್ತು. ಆದ್ದರಿಂದ ವಿದ್ಯಾರ್ಥಿಯ ಪ್ರಶ್ನೆಗೆ ಅಲ್ಲಿ ಒಂದಿಷ್ಟಾದರೂ ಎಡೆಯಿತ್ತು.

ಇದೇ ಕಾಲದ ಇನ್ನೊಂದು ಸಂಗತಿ ಗಮನಾರ್ಹವಾಗಿದೆ. ಕನ್ನಡ ಶಾಸನಗಳ ಶೋಧನೆಯಿಂದ ಪ್ರಖ್ಯಾತರಾದ ಜೆ. ಎಫ್. ಫ್ಲೀಟ್ ಅವರು ೧೮೭೨ರಲ್ಲಿ ದಕ್ಷಿಣ ವಿಭಾಗದ ವಿದ್ಯಾ ಇನ್ಸ್‌ಪೆಕ್ಟರರಾಗಿ ಬೆಳಗಾವಿಯಲ್ಲಿದ್ದರು. ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ ವಿದ್ವಾಂಸರಿವರು. ಹಳಗನ್ನಡದ ಒಂದು ಪ್ರತ್ಯಯದ ಅರ್ಥಕ್ಕಾಗಿ ಪಂಡಿತರನ್ನು ಕೇಳಿ ತಿಳಿಯುವ ಅಧಿಕಾರಿಯೇ ಕನ್ನಡದ ಮಕ್ಕಳ ಶಾಲೆಗಳನ್ನು ತನಿಖೆ ಮಾಡುವ ಸ್ಥಾನದಲ್ಲಿದ್ದುದು ವಿಶೇಷ. ಕಲಿಯುವವನಾಗಿ ಪ್ರಶ್ನೆ ಕೇಳುವುದು ಶಾಸನಶಾಸ್ತ್ರದಲ್ಲಿ ಪಾಂಡಿತ್ಯವೆನಿಸಿತು. ಶಾಲೆಯಲ್ಲಿ ಅದೇ ಪ್ರಶ್ನೆ ದಡ್ಡತನವೆನಿಸಿತು.

೪

ಪ್ರಶ್ನೆಯು ಹೀಗೆ ಬಾಯಿ ಮುಚ್ಚಿದಾಗ ಉಳಿದುದು ತಪ್ಪು. ಆ ತಪ್ಪುಗಳನ್ನು ಕಲೆಹಾಕುವ ಕೆಲಸವೂ ನಡೆಯಿತು. ಮುಂಬಯಿ ಪ್ರಾಂತದ ಸಿವಿಲ್ ಸೇವೆಯಲ್ಲಿದ್ದ ಜಾರ್ಜ್ ಕ್ಲಿಫರ್ಡ್ ವ್ಹಿಟ್‌ವರ್ತ್ ಅವರು ೧೯೦೭ರಲ್ಲಿ 'ಇಂಡಿಯನ್ ಇಂಗ್ಲಿಷ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಭಾರತೀಯರು ಬರೆದ ಇಂಗ್ಲಿಷಿನಲ್ಲಿ ನುಡಿಗಟ್ಟಿನ ದೋಷಗಳನ್ನು ಆಯ್ದು ಪರೀಕ್ಷಿಸುವುದು ಅದರ ವಿಷಯ. ಈ ಬಗೆಯ ಪುಸ್ತಕಗಳು ಮುಂದೆಯೂ ಬಂದವು. ಅವುಗಳ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಪ್ಪಿನ ಪಟ್ಟಿಯು ಪರೀಕ್ಷಕನು ನಿಂತ ಕಡೆಯಿಂದ ಕಂಡ ನೋಟ. ಅದೇ ವಸ್ತುವನ್ನು ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಪ್ರತಿಯೊಂದು ತಪ್ಪಿನ ಹಿಂದೆಯೂ ಒಂದು ನ್ಯಾಯವಾದ ಪ್ರಶ್ನೆ ಕಾಣಿಸುತ್ತದೆ. ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಏಳುವ ಅಂಥ ಐದು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು, ಕಾಲದ ಪ್ರಶ್ನೆ. 'ನಾನು ನಿನ್ನೆಯೇ ಪತ್ರ ಬರೆದಿದ್ದೇನೆ' ಎಂದು ಕನ್ನಡಿಗನು ನಿಸ್ಸಂಕೋಚವಾಗಿ ಹೇಳುತ್ತಾನೆ. ಅದನ್ನು 'ಐ ಹ್ಯಾವ್ ರಿಟನ್ ಯೆಸ್ಟರ್‌ಡೇ' ಎಂದರೆ ಪರೀಕ್ಷಕನು ಗೆರೆ ಎಳೆಯುತ್ತಾನೆ. ಕಾರಣವಿಷ್ಟೆ: ಕನ್ನಡದ 'ಬರೆದಿದ್ದೇನೆ' ಎಂಬ ರೂಪವು ಮುಗಿದ ಕೆಲಸದ ಫಲ ಈಗಲೂ ಉಳಿದಿದೆಯೆಂಬುದನ್ನು ಸೂಚಿಸುತ್ತದೆ, ಕೆಲಸ ನಡೆದ ಹೊತ್ತನ್ನು ಜೊತೆಗೆ ಹೇಳಲು ಅದಕ್ಕೆ ಅಡ್ಡಿಯಿಲ್ಲ. ಇಂಗ್ಲಿಷಿನ ರೂಪವು 'ನಿನ್ನೆ' ಎಂಬಂಥ, ಕಳೆದುಹೋದ ಹೊತ್ತನ್ನು ಹೇಳುವ ಮಾತಿನೊಡನೆ ಕೂಡಲಾರದು. ಹಾಗೆಯೇ 'ನಾಳೆ ಬರುತ್ತೇನೆ' ಎಂಬಲ್ಲಿ ಕನ್ನಡದ ವರ್ತಮಾನರೂಪವೇ ಭವಿಷ್ಯತ್ತಿನ ಕೆಲಸವನ್ನೂ ಮಾಡುವುದರಿಂದ, 'ಶಲ್' ಮತ್ತು 'ವಿಲ್'ಗಳ ಭೇದವು ಹಳೆಯ ವ್ಯಾಕರಣಗಳ ಪುಟಗಳನ್ನು ಎಷ್ಟು ತುಂಬಿದರೂ ನಮ್ಮವರ ಮನಸ್ಸಿಗೆ ಹತ್ತಲಿಲ್ಲ.

ಎರಡನೆಯದು, ಉಪಪದದ ಪ್ರಶ್ನೆ. 'ಎ' ಮತ್ತು 'ದಿ' ಕನ್ನಡದಲ್ಲಿಲ್ಲ, ಆದ್ದರಿಂದ ಅವು ನಮಗೆ ಬಾರವು ಎಂಬುದು ಸಾಮಾನ್ಯವಾದ ಅಭಿಪ್ರಾಯ. ಇದು ಅರ್ಧಸತ್ಯ. 'ಪುಸ್ತಕ ಕೊಂಡೆನು' ಎಂಬುದಕ್ಕೂ 'ಪುಸ್ತಕವನ್ನು ಕೊಂಡೆನು' ಎಂಬುದಕ್ಕೂ ಕನ್ನಡಿಗನ ಕಿವಿ ಭೇದವೆಣಿಸುತ್ತದೆ. ಮೊದಲನೆಯದರಲ್ಲಿ ಯಾವುದೋ ಪುಸ್ತಕ. ಎರಡನೆಯದರಲ್ಲಿ ಬಹುಮಟ್ಟಿಗೆ ಇಬ್ಬರಿಗೂ ಗೊತ್ತಿರುವ ಪುಸ್ತಕ. ನಿರ್ದಿಷ್ಟವಾದುದನ್ನು ಅನಿರ್ದಿಷ್ಟದಿಂದ ಬೇರ್ಪಡಿಸುವ ಬುದ್ಧಿ ಅವನಲ್ಲಿ ಮೊದಲೇ ಇದೆ. ಅದು ಕರ್ಮದ ವಿಭಕ್ತಿಯಲ್ಲಿ ಅಡಗಿದೆ. ಗುರುವು ಇಲ್ಲಿಂದ ಆರಂಭಿಸಿದರೆ ಉಪಪದದ ಎಲ್ಲ ಬಳಕೆಗಳೂ ಬಗೆಹರಿಯುವುದಿಲ್ಲವಾದರೂ, ಅದರ ತತ್ವವಾದರೂ ತಿಳಿದೀತು.

ಮೂರನೆಯದು, ಪರರ ಮಾತನ್ನು ಹೇಳುವ ಕ್ರಮ. ಪ್ರತ್ಯಕ್ಷ ಕಥನವನ್ನು ಪರೋಕ್ಷ ಕಥನವಾಗಿ ಪರಿವರ್ತಿಸುವುದು ನಮ್ಮ ಪ್ರೌಢಶಾಲೆಗಳ ಇಂಗ್ಲಿಷ್ ವ್ಯಾಕರಣದಲ್ಲಿ ತಲೆಮಾರುಗಳಿಂದ ನಡೆದುಬಂದ ಅಭ್ಯಾಸ. 'ರಾಮನು ನಾನು ಬರುತ್ತೇನೆ ಎಂದು ಹೇಳಿದನು' ಎಂಬಲ್ಲಿ ಕನ್ನಡದ 'ಎಂದು' ರಾಮನ ಬಾಯಿಮಾತನ್ನು ಇದ್ದಂತೆಯೇ ತಂದು ಒಪ್ಪಿಸುತ್ತದೆ. ಮರಾಠಿಯಲ್ಲಿಯೂ 'ಕೀ' ಎಂಬುದರ ಮುಂದೆ ಆಡಿದವನ ಮಾತು ಹಾಗೆಯೇ ನಿಲ್ಲಬಹುದು. ಆದ್ದರಿಂದ 'ಹಿ ಸೆಡ್ ದ್ಯಾಟ್ ಐ ವಿಲ್ ಕಮ್' ಎಂದು ಬರೆದ ಹುಡುಗನು ತನ್ನ ಭಾಷೆಗೆ ನಿಷ್ಠನಾಗಿದ್ದಾನೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 'ತಾನು ಹೋಗಬೇಕೆಂದು ರಾಮನು ಕೃಷ್ಣನಿಗೆ ಹೇಳಿದನು' ಎಂದಾಗ ಹೋಗಬೇಕಾದವನು ರಾಮನೇ ಎಂಬುದರಲ್ಲಿ ಸಂದೇಹವಿಲ್ಲ. ಇಂಗ್ಲಿಷಿನಲ್ಲಿ ಅದೇ ಮಾತನ್ನು 'ಹಿ' ಎಂದು ಹೇಳಿದರೆ ಹೋಗಬೇಕಾದವನು ರಾಮನೋ ಕೃಷ್ಣನೋ ತಿಳಿಯದು. 'ಈ ಹಿ ಯಾರು ಸರ್?' ಎಂದು ವಿದ್ಯಾರ್ಥಿಯು ಕೇಳಿದರೆ ಅವನನ್ನು ಗದರಿಸುವ ಕಾರಣವಿಲ್ಲ. 'ತಾನು' ಎಂಬ ಪದದ ಬೆಲೆಯನ್ನು ಅವನು ಬಲ್ಲನು.

ನಾಲ್ಕನೆಯದು, ಹೌದು-ಅಲ್ಲಗಳ ಪ್ರಶ್ನೆ. 'ನೀನು ನಿನ್ನೆ ಬರಲಿಲ್ಲವೇ?' ಎಂದರೆ ಬಾರದವನು 'ಹೌದು, ಬರಲಿಲ್ಲ' ಎನ್ನುತ್ತಾನೆ. ಕೇಳಿದವನ ಊಹೆ ಸರಿಯೆಂದು ಒಪ್ಪುವುದು ನಮ್ಮ ಕ್ರಮ. ಸಂಗತಿ ನಡೆಯಿತೇ ಇಲ್ಲವೇ ಎಂಬುದನ್ನಷ್ಟೇ ನೋಡಿ 'ನೋ' ಎನ್ನುವುದು ಇಂಗ್ಲಿಷಿನ ಕ್ರಮ. ಎಲ್ಲ ವಾಕ್ಯಗಳ ಕೊನೆಗೂ ಒಂದೇ 'ಅಲ್ಲವೇ' ಸಾಕಾಗುವ ಭಾಷೆಯವನು ಇಂಗ್ಲಿಷಿನಲ್ಲಿಯೂ ಎಲ್ಲೆಡೆ 'ಇಸ್‌ಂಟ್ ಇಟ್' ಎನ್ನುವುದಕ್ಕೂ ಇದೇ ಬಗೆಯ ಕಾರಣವುಂಟು. ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ದುಭಾಷಿಯ ಮೂಲಕ ಉತ್ತರ ಕೊಡುವವನಿಗೆ ಈ ಭೇದವು ವ್ಯಾಕರಣದ ಕುತೂಹಲವಾಗಿ ಮಾತ್ರ ಉಳಿಯಲಾರದು ಎಂಬುದನ್ನು ಊಹಿಸಬಹುದು.

ಐದನೆಯದು, ಒಡೆತನವನ್ನು ಹೇಳುವ ಬಗೆ. 'ನನಗೆ ಇಬ್ಬರು ಅಣ್ಣಂದಿರಿದ್ದಾರೆ', 'ನನ್ನ ಹತ್ತಿರ ಹಣವಿದೆ', 'ನನಗೆ ಜ್ವರ ಬಂದಿದೆ' ಎಂದು ಕನ್ನಡವು ಮೂರು ಬಗೆಯಾಗಿ ಹೇಳುವುದನ್ನು ಇಂಗ್ಲಿಷು 'ಹ್ಯಾವ್' ಎಂಬ ಒಂದೇ ಕ್ರಿಯಾಪದದಿಂದ ಸಾಧಿಸುತ್ತದೆ. ಅಣ್ಣನು ನನ್ನ ಸೊತ್ತೇ, ಜ್ವರವು ನನ್ನ ಸೊತ್ತೇ ಎಂದು ಕೇಳುವ ವಿದ್ಯಾರ್ಥಿಯು ಹಾಸ್ಯ ಮಾಡುತ್ತಿಲ್ಲ.

ಇಷ್ಟರ ಜೊತೆಗೆ, ಕೇಳದೆ ಉಳಿದ ಪ್ರಶ್ನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮರಾಠಿಯಲ್ಲಿ ಜಡವಸ್ತುಗಳಿಗೂ ಸ್ತ್ರೀ-ಪುರುಷ ಭೇದವುಂಟು. ಅದನ್ನು ಕಲಿಯುವ ಕನ್ನಡಿಗನು ಪ್ರತಿಯೊಂದು ನಾಮಪದದ ಲಿಂಗವನ್ನೂ ಬಾಯಿಪಾಠ ಮಾಡಬೇಕು. ಕನ್ನಡದಲ್ಲಿಯಾದರೋ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಇಂಗ್ಲಿಷಿನಲ್ಲಿಯೂ ಬಹುಮಟ್ಟಿಗೆ ಹಾಗೆಯೇ. ನಮ್ಮಲ್ಲಿ ಮಗುವನ್ನು 'ಅದು' ಎನ್ನುವಂತೆ ಅವರಲ್ಲಿ 'ಇಟ್' ಎನ್ನಬಹುದು. ಆದ್ದರಿಂದ ಈ ವಿಷಯದಲ್ಲಿ ಕನ್ನಡದ ಹುಡುಗನು ಪ್ರಶ್ನೆ ಕೇಳುವುದೇ ಅಪರೂಪ. ಖಾನಾಪುರದ ಮರಾಠಿ ಮನೆಯಿಂದ ಬಂದ ವಿದ್ಯಾರ್ಥಿಗೂ ಬೈಲಹೊಂಗಲದ ಕನ್ನಡ ಮನೆಯಿಂದ ಬಂದ ವಿದ್ಯಾರ್ಥಿಗೂ ಒಂದೇ ತರಗತಿಯಲ್ಲಿ ಬೇರೆ ಬೇರೆ ಕಡೆ ಕಾಲು ತೊಡರುತ್ತದೆ ಎಂಬುದನ್ನು ಬೆಳಗಾವಿಯ ಶಿಕ್ಷಕನು ಮರೆಯಲಾಗದು.

೫

ಈಗ ಕನ್ನಡಿಯನ್ನು ತಿರುಗಿಸಿ ಹಿಡಿಯೋಣ. ನಮ್ಮವರು ಇಂಗ್ಲಿಷನ್ನು ಕಲಿಯುತ್ತಿದ್ದ ಕಾಲದಲ್ಲಿಯೇ ಐರೋಪ್ಯರು ಕನ್ನಡವನ್ನು ಕಲಿಯುತ್ತಿದ್ದರು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ೧೮೧೭ರಲ್ಲಿ ಶ್ರೀರಾಮಪುರದಲ್ಲಿಯೂ, ಮೆಕೆರೆಲ್ ಅವರದು ೧೮೨೦ರಲ್ಲಿ ಮದರಾಸಿನಲ್ಲಿಯೂ ಅಚ್ಚಾದವು. ಬಳ್ಳಾರಿಯ ಮಿಶನ್ನಿನಲ್ಲಿದ್ದ ವಿಲಿಯಂ ರೀವ್ ಅವರು ೧೮೨೪ರಲ್ಲಿ ಇಂಗ್ಲಿಷ್-ಕನ್ನಡ ಕೋಶವನ್ನೂ, ೧೮೩೨ರಲ್ಲಿ ಕನ್ನಡ-ಇಂಗ್ಲಿಷ್ ಕೋಶವನ್ನೂ ಹೊರತಂದರು. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದವನಿಗೆ ಏಳುವ ಪ್ರಶ್ನೆಗಳು ನಮ್ಮ ಹುಡುಗರ ಪ್ರಶ್ನೆಗಳ ಮರುಬಿಂಬಗಳೇ ಆಗಿವೆ: 'ಹ್ಯಾವ್'ಗೆ ಕನ್ನಡವೇನು? 'ಹೂ', 'ವ್ಹಿಚ್' ಎಂಬ ಸಂಬಂಧ ಸರ್ವನಾಮಗಳಿಲ್ಲದೆ 'ನಾನು ಕಂಡ ಮನುಷ್ಯ' ಎಂದು ಹೇಳುವುದು ಹೇಗೆ? 'ಬಾರೆನು', 'ಮಾಡೆನು' ಎಂಬಲ್ಲಿ ನಿಷೇಧವು ಕ್ರಿಯಾಪದದೊಳಗೇ ಹೇಗೆ ಹೊಕ್ಕಿತು?

ಈ ಪ್ರಶ್ನೆಗಳಿಗೆ ಉತ್ತರವನ್ನು ಅವರು ಅರಸಿದ ರೀತಿ ವಿಚಾರಣೀಯವಾಗಿದೆ. ಫರ್ಡಿನಂಡ್ ಕಿಟ್ಟೆಲ್ ಅವರು ೧೮೭೨ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು. ೧೮೯೪ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ೧೯೦೩ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಳಗೊಂಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅಂದರೆ ತಮ್ಮ ಪ್ರಶ್ನೆಯನ್ನು ಹಿಡಿದು ಹದಿಮೂರನೆಯ ಶತಮಾನದ ದೇಶೀಯ ವ್ಯಾಕರಣಕಾರನ ಬಳಿಗೆ ಹೋದರು. ಅವರ ಪ್ರಶ್ನೆಗಳಿಂದ ಒಂದು ಶಾಸ್ತ್ರವೇ ಬೆಳೆಯಿತು. ನಮ್ಮ ಹುಡುಗರ ಪ್ರಶ್ನೆಗಳಿಂದ ತಪ್ಪುಗಳ ಪಟ್ಟಿ ಬೆಳೆಯಿತು. ಪ್ರಶ್ನೆಗಳಲ್ಲಿ ಮೇಲುಕೀಳುಗಳಿರಲಿಲ್ಲ. ಕೇಳುವವನ ಸ್ಥಾನದಲ್ಲಿ ಮೇಲುಕೀಳುಗಳಿದ್ದವು. ಕನ್ನಡಿಗರಲ್ಲಿ ಈ ಅಂತರವನ್ನು ದಾಟಿದವರು ಇರಲಿಲ್ಲವೆಂದಲ್ಲ. ವಿದ್ಯಾ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ವಿನೋದ ನಾಟಕವೊಂದನ್ನು 'ನಗದವರನ್ನು ನಗಿಸುವ ಕಥೆ' ಎಂದು ೧೮೭೧ರಲ್ಲಿ ಕನ್ನಡಕ್ಕೆ ತಂದುದು, ಇಂಗ್ಲಿಷನ್ನು ಕನ್ನಡದ ಹದಕ್ಕೆ ಒಗ್ಗಿಸಿಕೊಳ್ಳುವ ಧೈರ್ಯಕ್ಕೆ ಒಳ್ಳೆಯ ನಿದರ್ಶನವಾಗಿದೆ.

೬

ಇಪ್ಪತ್ತನೆಯ ಶತಮಾನದಲ್ಲಿ ಪರಿಸ್ಥಿತಿ ಎರಡು ದಿಕ್ಕಿಗೆ ಎಳೆದಾಡಿತು. ೧೯೧೬ರ ನವೆಂಬರ್ ೧೩ರಂದು ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಆರಂಭಿಸಿದ ಆಂಗ್ಲೋ-ವರ್ನ್ಯಾಕ್ಯುಲರ್ ಶಾಲೆಯು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಬುನಾದಿಯಾಯಿತು. ೧೯೩೩ರಲ್ಲಿ ಲಿಂಗರಾಜ ಕಾಲೇಜು ತೆರೆಯಿತು. ಹಳ್ಳಿಯ ಒಕ್ಕಲಿನ ಮಕ್ಕಳಿಗೆ ಇಂಗ್ಲಿಷಿನ ಬಾಗಿಲನ್ನು ಕನ್ನಡಿಗರೇ ತೆರೆದುದು ಇಲ್ಲಿಯ ಮಹತ್ವದ ಸಂಗತಿ. ೧೯೫೦ರ ದಶಕದಲ್ಲಿ ಇದೇ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು ಈ ಸೀಮೆಯ ಕನ್ನಡ ಜನಪದ ಕಥೆಗಳನ್ನು ಸಂಗ್ರಹಿಸಿದರು. ಎರಡು ಭಾಷೆಗಳಿಗೂ ಒಟ್ಟಿಗೆ ಕಿವಿಗೊಟ್ಟ ಅಧ್ಯಾಪಕರು ನಮ್ಮಲ್ಲಿ ಇದ್ದರೆಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಕಡೆ, ಬೋಧನಕ್ರಮದಲ್ಲಿ ಮನೆಮಾತನ್ನು ತರಗತಿಯಿಂದ ಹೊರಗಿಡುವ ಪ್ರವೃತ್ತಿ ಬೆಳೆಯಿತು. ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದ ಪಿ. ಸಿ. ರೆನ್ ಅವರು ನೇರ ಪದ್ಧತಿಯನ್ನು ಪ್ರತಿಪಾದಿಸಿದರು. ಮುಂದೆ ಮಾರ್ಟಿನ್ ಅವರೊಡನೆ ಅವರು ರಚಿಸಿದ ವ್ಯಾಕರಣವಾದರೋ ನಿಯಮ ಮತ್ತು ಅಭ್ಯಾಸಗಳ ಭಂಡಾರವಾಗಿ ಮನೆಮನೆಯನ್ನೂ ಸೇರಿತು. ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರವು ಐದರಿಂದ ಏಳನೆಯ ಇಯತ್ತೆಗಳವರೆಗಿನ ಇಂಗ್ಲಿಷನ್ನು ಕೈಬಿಟ್ಟುದರಿಂದ ಬೆಳಗಾವಿಯ ಮಕ್ಕಳು ಎಂಟನೆಯ ಇಯತ್ತೆಯಲ್ಲಿ ಅದನ್ನು ಆರಂಭಿಸಬೇಕಾಯಿತು. ಇಂಗ್ಲಿಷ್ ಮಾಧ್ಯಮದ ಪ್ರವೇಶವನ್ನು ನಿರ್ಬಂಧಿಸಿ ಅದೇ ಸರಕಾರವು ೧೯೫೪ರ ಜನವರಿಯಲ್ಲಿ ಹೊರಡಿಸಿದ ಆಜ್ಞೆಯನ್ನು ಆ ವರ್ಷವೇ ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿತು. ೧೯೫೬ರ ನವೆಂಬರ್ ೧ರಂದು ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಿತು. ೧೯೫೮ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ವಿ. ಕೃ. ಗೋಕಾಕರು ನಿರ್ದೇಶಕರಾಗಿ ನಡೆಸಿದರು; ವಾಕ್ಯರಚನೆಗಳನ್ನು ಕ್ರಮವಾಗಿ ರೂಢ ಮಾಡಿಸುವ ಪದ್ಧತಿ ಆ ಕಾಲದಲ್ಲಿ ಪ್ರಚಾರಕ್ಕೆ ಬಂದಿತು. ೨೦೦೭-೦೮ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ.

ಗಮನಿಸಬೇಕಾದುದೇನೆಂದರೆ, ಈ ವಾದಗಳೆಲ್ಲವೂ ಇಂಗ್ಲಿಷನ್ನು ಯಾವ ಇಯತ್ತೆಯಲ್ಲಿ, ಯಾವ ಮಾಧ್ಯಮದಲ್ಲಿ, ಎಷ್ಟು ವರ್ಷ ಕಲಿಸಬೇಕೆಂಬುದರ ಸುತ್ತಲೇ ನಡೆದವು. ಎಂಟನೆಯ ಇಯತ್ತೆಯಲ್ಲಿ ಆರಂಭಿಸಿದ ಅಜ್ಜನೂ, ಒಂದನೆಯ ಇಯತ್ತೆಯಲ್ಲಿ ಆರಂಭಿಸಿದ ಮೊಮ್ಮಗನೂ 'ನಿನ್ನೆ'ಯೊಡನೆ 'ಹ್ಯಾವ್' ಏಕೆ ಕೂಡದೆಂದು ಇಂದಿಗೂ ಕೇಳುತ್ತಾರೆ. ಬೆಳಗಾವಿಯ ಹಳೆಯ ಪೇಟೆಗಳಲ್ಲಿ ಕೇಳಿದ ಪ್ರಶ್ನೆಯೇ ರಾಮತೀರ್ಥ ನಗರದಂಥ ಹೊಸ ಬಡಾವಣೆಗಳ ಮನೆಗಳಲ್ಲಿಯೂ ಏಳುತ್ತದೆ. ವರ್ಷಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಪ್ರಶ್ನೆ ಅಳಿಯುವುದಿಲ್ಲ. ಅದರ ಬೇರು ಪಠ್ಯಕ್ರಮದಲ್ಲಿಲ್ಲ, ಮನೆಮಾತಿನಲ್ಲಿದೆ.

೭

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆಂದು ನಾವು ಭಾವಿಸುತ್ತೇವೆ. ಮೊದಲನೆಯದಾಗಿ, ಬೆಳಗಾವಿ ಸೀಮೆಯ ಇಂಗ್ಲಿಷ್ ಕಲಿಕೆಯು ಎರಡು ಭಾಷೆಗಳ ನಡುವಣ ವ್ಯವಹಾರವಲ್ಲ. ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಮೂರು ಭಾಷೆಗಳ ಸಂಗಮವದು. ಎರಡನೆಯದಾಗಿ, ೧೮೫೭ರ ಅನಂತರ ಬೆಳೆದ ಪರೀಕ್ಷಾಕ್ರಮವು ವಿದ್ಯಾರ್ಥಿಯ ಪ್ರಶ್ನೆಯನ್ನು ತಪ್ಪಾಗಿ ಮಾರ್ಪಡಿಸಿತು. ಅದರ ಹೊರೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಹೊತ್ತವರು ಮನೆಯಲ್ಲಿ ಇಂಗ್ಲಿಷಿನ ಗಾಳಿ ಸೋಕದ ಗ್ರಾಮೀಣ ಮಕ್ಕಳು. ಮೂರನೆಯದಾಗಿ, ಆ ಪ್ರಶ್ನೆಗಳಿಗೆ ಉತ್ತರವು ಇಂಗ್ಲಿಷ್ ವ್ಯಾಕರಣದಲ್ಲಿ ಅರ್ಧ ಇದ್ದರೆ ಕನ್ನಡ ವ್ಯಾಕರಣದಲ್ಲಿ ಇನ್ನರ್ಧ ಇದೆ.

ಕಾಲೇಜಿನ ಅಧ್ಯಾಪಕರಲ್ಲಿ ನಮ್ಮದೊಂದು ಸೂಚನೆಯಿದೆ. ತರಗತಿಯಲ್ಲಿ ವಿದ್ಯಾರ್ಥಿಗಳು ಇಂಗ್ಲಿಷಿನ ಬಳಕೆಯನ್ನು ಕುರಿತು ಕೇಳುವ ಪ್ರಶ್ನೆಗಳನ್ನು, ಕೇಳಿದವರ ಹೆಸರನ್ನು ಬಿಟ್ಟು, ಅವರ ಮನೆಮಾತು, ತಾಲೂಕು ಮತ್ತು ವರ್ಷದೊಡನೆ ಒಂದು ವಹಿಯಲ್ಲಿ ಬರೆದಿಡುವ ಪದ್ಧತಿಯನ್ನು ಪ್ರತಿಯೊಂದು ಕಾಲೇಜೂ ಕೈಕೊಳ್ಳಬಹುದು. ಇದಕ್ಕೆ ವೆಚ್ಚವಿಲ್ಲ. ಹತ್ತು ವರ್ಷಗಳಲ್ಲಿ ಅದು ಭಾಷಾಶಿಕ್ಷಕನಿಗೆ ಪಠ್ಯವನ್ನೂ, ಚರಿತ್ರಕಾರನಿಗೆ ಆಕರವನ್ನೂ ಒದಗಿಸೀತು. 'ಎಷ್ಟನೆಯ' ಎಂಬುದಕ್ಕೆ ಇಂಗ್ಲಿಷ್ ಕೇಳಿದ ವಿದ್ಯಾರ್ಥಿಗೆ, ಅಂಥ ಒಂದೇ ಪದ ಆ ಭಾಷೆಯಲ್ಲಿಲ್ಲವೆಂದು ನೇರವಾಗಿ ಹೇಳಿ, ಆ ಪ್ರಶ್ನೆಯನ್ನೇ ವಹಿಯ ಮೊದಲನೆಯ ಸಾಲಿನಲ್ಲಿ ಬರೆದುಕೊಳ್ಳಬಹುದು.